ಇಟಲಿ ಕಾರಿನ ಸೀಟಿನೊಳಗಿನ ನಾರು

ವಾದದಲ್ಲಿ ಗೆಲ್ಲುವುದು ಒಂದು ಕಾಯಿಲೆ. ಅದು ಹತ್ತಿದವರಿಗೆ ಗೊತ್ತಾಗುವುದಿಲ್ಲ, ಮನೆಯವರಿಗೆ ಗೊತ್ತಾಗುತ್ತದೆ. ಹಾಸನದಲ್ಲಿ ಕಾನೂನು ಓದಲು ಸೇರಿ, ಕಾಲೇಜಿನ ಚರ್ಚಾಸ್ಪರ್ಧೆಯ ತಂಡದಲ್ಲಿ ಜಾಗ ಸಿಕ್ಕಿದ ಮೇಲೆ ನನಗೆ ಅದು ಹತ್ತಿಕೊಂಡಿತು. 'ಇದಕ್ಕೆ ಆಧಾರ ಏನು?' ಎಂದು ಕೇಳದೆ ನಾನು ಉಪ್ಪಿಟ್ಟನ್ನೂ ತಿನ್ನುವುದಿಲ್ಲ. ಅಜ್ಜಿ ಹಲ್ಲಿ ಲೊಚಗುಟ್ಟಿತು ಎಂದಾಗ, ಹಲ್ಲಿಯ ಹೇಳಿಕೆಯನ್ನು ಸಾಕ್ಷ್ಯವೆಂದು ಯಾಕೆ ಒಪ್ಪಬೇಕು ಎಂದು ಕೇಳಿ ಬೈಸಿಕೊಂಡಿದ್ದೇನೆ. ಇಂಥ ನಾನು ಚಿಕ್ಕಪ್ಪನ ಇಟಲಿ ಕಾರಿನ ವಿಷಯದಲ್ಲಿ ಒಂದು ವಾದ ಗೆದ್ದೆ. ಆ ಗೆಲುವಿಗೆ ದಯವಿಟ್ಟು ಯಾರೂ ಅಭಿನಂದಿಸಬಾರದು.

ನಮ್ಮ ಮನೆಗೂ ಚಿಕ್ಕಪ್ಪನ ಮನೆಗೂ ಒಂದೇ ಗೋಡೆ. ಅರಸೀಕೆರೆಯ ಆಚೆ ತೆಂಗಿನ ತೋಟ. ತೋಟ ಚಿಕ್ಕಪ್ಪನದು, ಕೊಬ್ಬರಿ ವ್ಯವಹಾರ ಚಿಕ್ಕಮ್ಮನದು, ಅಂದರೆ ತಲೆ ಬೇಕಾದ ಕೆಲಸವೆಲ್ಲ ಚಿಕ್ಕಮ್ಮನದು. ಒಂದು ದಿನ ಚಿಕ್ಕಪ್ಪ ಬಿಕ್ಕೋಡಿನ ಕಡೆ ಯಾವುದೋ ಕಾಫಿ ಎಸ್ಟೇಟಿನಲ್ಲಿ ಹಳೆಯ ಪಂಪ್‌ಸೆಟ್ ನೋಡಿಕೊಂಡು ಬರುತ್ತೇನೆಂದು ಟ್ರ್ಯಾಕ್ಟರ್ ಹತ್ತಿ ಹೋದರು. ಬರುವಾಗ ಟ್ರೈಲರಿನ ಮೇಲೆ ಪಂಪ್‌ಸೆಟ್ ಇರಲಿಲ್ಲ. ಎಸ್ಟೇಟಿನ ಹಿಂದಿನ ಸಾಹುಕಾರರು ಯಾವ ಕಾಲದಲ್ಲೋ ತರಿಸಿದ್ದ, ಎರಡೇ ಸೀಟಿನ, ಕೆಂಪು ಬಣ್ಣದ ಇಟಲಿ ಕಾರು ಇತ್ತು. ಬಾಗಿಲು ತೆಗೆದು ಕೂತರೆ ಪಂಕ್ತಿ ಊಟಕ್ಕೆ ನೆಲದ ಮೇಲೆ ಕೂತಷ್ಟು ತಗ್ಗು. ಬೇಲೂರು ದಾಟಿ ಹಳೇಬೀಡಿನಲ್ಲಿ ಕಾಫಿಗೆ ನಿಂತಾಗ, ದೇವಸ್ಥಾನ ನೋಡಲು ಬಂದವರೆಲ್ಲ ಕಾರಿನ ಫೋಟೋ ತೆಗೆದುಕೊಂಡರಂತೆ. ಚಿಕ್ಕಪ್ಪ ಇದನ್ನು ಎದೆಯುಬ್ಬಿಸಿ ಹೇಳಿದರು. ಹಳೇಬೀಡಿಗೆ ಬಂದವರು ಮುರಿದದ್ದು ಏನು ಕಂಡರೂ ಫೋಟೋ ತೆಗೆಯುತ್ತಾರೆ ಎಂದು ನಾನು ಹೇಳಿದೆ. ಅಲ್ಲಿಂದ ಶುರುವಾಯಿತು.

ಕಾರು ಹೋಗಿ ನಿಂತದ್ದು ಕೊಬ್ಬರಿ ಮನೆಯಲ್ಲಿ. ಅಲ್ಲಿ ಮೇಲಿನ ಅಟ್ಟದಲ್ಲಿ ಕಾಯಿಗಳು ತಿಂಗಳುಗಟ್ಟಲೆ ಒಣಗಿ ಉಂಡೆ ಕೊಬ್ಬರಿಯಾಗುತ್ತವೆ, ಕೆಳಗಿನ ಜಾಗದಲ್ಲಿ ಕಾಯಿ ಸುಲಿಯುವ ಕೆಲಸ. ಈಗ ಆ ಜಾಗದಲ್ಲಿ ಇಟಲಿ.

"ಇದು ಸಾಮಾನ್ಯದ ಕಾರಲ್ಲ ಕಣೇ. ಒಂದೊಂದು ಬೋಲ್ಟೂ ಒರಿಜಿನಲ್ ಹಾಕ್ಸಿ ರೆಡಿ ಮಾಡ್ತೀನಿ, ನೋಡ್ತಿರು," ಎಂದರು ಚಿಕ್ಕಪ್ಪ.

"ನೀವು ಬೋಲ್ಟ್ ಹುಡುಕ್ತಾ ಕೂತ್ಕೊಳ್ಳಿ. ನಾನು ಕಾಯಿ ಎಲ್ ಸುಲಿಸ್ಲಿ? ನಿಮ್ ತಲೆ ಮೇಲಾ?" ಎಂದರು ಚಿಕ್ಕಮ್ಮ. "ಗುಜರಿಯೋನು ವಾರವಾರ ಬತ್ತಾನೆ. ಹೇಳ್ಬುಡ್ತೀನಿ."

ಇಬ್ಬರೂ ನನ್ನ ಕಡೆ ತಿರುಗಿದರು. ನನಗೆ ಬೇಕಾಗಿದ್ದೂ ಅದೇ. ಚರ್ಚೆಗೆ ಮೊದಲು ಅಳತೆಗೋಲು ಬೇಕು ಎಂದೆ. ಆಯುಧ ಪೂಜೆಯ ದಿನ ಎಲ್ಲ ಗಾಡಿಗೂ ಇಡುವ ಹಾಗೆ ಇದರ ನಾಲ್ಕು ಚಕ್ರದ ಮುಂದೂ ನಿಂಬೆಹಣ್ಣು ಇಡೋಣ. ಯಾರೂ ತಳ್ಳದೆ, ಸ್ವಂತ ಎಂಜಿನ್ನಿನ ಬಲದಿಂದ ಅದು ನಾಲ್ಕನ್ನೂ ಜಜ್ಜಿ ಮುಂದೆ ಹೋದರೆ ಅದು ಗಾಡಿ, ಇಲ್ಲದಿದ್ದರೆ ಗುಜರಿ. ಇಬ್ಬರೂ ಒಪ್ಪಿದರು. ತೀರ್ಪು ನನ್ನದು ಎಂದೂ ಒಪ್ಪಿದರು.

ಅಲ್ಲಿಗೆ ಸುಮ್ಮನಿರಬಹುದಿತ್ತು. ಆದರೆ ಚಿಕ್ಕಪ್ಪ ದಿನಕ್ಕೆ ಹತ್ತು ಸಲ 'ಒರಿಜಿನಲ್' ಎನ್ನುತ್ತಿದ್ದರು. ಆಧಾರವಿಲ್ಲದ ಮಾತು ಕಿವಿಗೆ ಬಿದ್ದರೆ ನನಗೆ ತುರಿಕೆ. "ಒರಿಜಿನಲ್ ಅಲ್ಲ ಅಂತ ನೀನೇ ತೋರ್ಸು ಮತ್ತೆ," ಎಂದು ಅವರು ಸವಾಲು ಹಾಕಿದರು. ತೋರಿಸಿದೆ. ಹಾರನ್ ಲಾರಿಯದು. ಕನ್ನಡಿ ಸ್ಕೂಟರಿನದು. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಯಾವುದೋ ಕಾಲದ ಹಾರ್ಲಿಕ್ಸ್ ಡಬ್ಬಿಯದು. ಪ್ರತಿ ಸಾಕ್ಷ್ಯಕ್ಕೂ ಚಿಕ್ಕಪ್ಪನ ಮುಖ ಒಂದೊಂದು ಇಂಚು ಇಳಿಯುತ್ತಿತ್ತು.

"ಹಳೇಬೀಡಲ್ಲಿ ಕೆತ್ತನೆ ಹಾಳಾದ ಕಡೆ ಸಾದಾ ಕಲ್ಲು ಕೂರ್ಸಿಲ್ವಾ? ಹಂಗಂತ ಅದು ದೇವಸ್ಥಾನ ಅಲ್ಲ ಅಂತೀಯಾ?" ಎಂದು ಒಮ್ಮೆ ತಿರುಗಿಬಿದ್ದರು. ನಿಜಕ್ಕೂ ಒಳ್ಳೆಯ ಪಾಯಿಂಟು.

"ಆ ಸಾದಾ ಕಲ್ಲು ತಾನು ಹೊಯ್ಸಳರ ಕಾಲದ್ದು ಅಂತ ಹೇಳ್ಕೊಳಲ್ಲ ಚಿಕ್ಕಪ್ಪ. ನಿಮ್ಮ ಹಾರನ್ ಪರವಾಗಿ ನೀವು ಹೇಳ್ತಿದೀರ," ಎಂದೆ.

ಆಮೇಲೆ ಸೀಟಿನ ಸರದಿ. ಮೇಲಿನ ಚರ್ಮ ಹರಿದಿತ್ತು. ಕೈ ಹಾಕಿ ಎಳೆದರೆ ಒಳಗೆ ಏನು? ತೆಂಗಿನ ನಾರು! ಹೊರಗೆ ಅಂಗಳದಲ್ಲಿ ಗುಡ್ಡೆ ಬಿದ್ದಿರುವಂಥದ್ದೇ ಕಂದು ನಾರು. ನನ್ನ ಜೀವನದ ಅತ್ಯುತ್ತಮ ಭಾಷಣವನ್ನು ನಾನು ಮಾಡಿದ್ದು ಯಾವ ಸ್ಪರ್ಧೆಯಲ್ಲೂ ಅಲ್ಲ, ಆ ಕೊಬ್ಬರಿ ಮನೆಯಲ್ಲಿ. "ಇಟಲಿಯಲ್ಲಿ ತೆಂಗಿನ ಮರ ಎಲ್ಲಿದೆ? ಅಲ್ಲಿನ ಕಾರ್ಖಾನೆಯವರು ನಮ್ಮೂರಿನ ಸಂತೆಗೆ ಬಂದು ನಾರು ಕೊಂಡು ಹೋದರೇ? ಇದು ಬೇಲೂರಿನಲ್ಲೋ ಬಿಕ್ಕೋಡಿನಲ್ಲೋ ಯಾರೋ ಹಾಸಿಗೆ ಹೊಲಿಯುವವರು ತುಂಬಿದ ಮಾಲು. ಈ ಕಾರಿನೊಳಗೆ ಇಷ್ಟು ನಿರ್ಲಜ್ಜವಾದ ನಕಲಿ ಇನ್ನೊಂದಿಲ್ಲ!" ಚಿಕ್ಕಪ್ಪ ಎರಡೂ ಸೀಟಿನ ನಾರನ್ನು ತಾವೇ ಕಿತ್ತು ಹೊರಗೆ ಹಾಕಿದರು. ಒಣಗಿದ ನಾರು ಕಂಡರೆ ಚಿಕ್ಕಮ್ಮ ಬಿಡುವವರಲ್ಲ. ಬಾಚಿಕೊಂಡು ಹೋಗಿ ಬಚ್ಚಲೊಲೆಗೆ ತುರುಕಿದರು. ಚಟಪಟ ಎಂದು ಹತ್ತಿಕೊಂಡಿತು. ಗೆದ್ದವಳೆಂದು ಮೊದಲ ಸ್ನಾನ ನನಗೇ ಸಿಕ್ಕಿತು.

ಮುಂದಿನ ವಾರ, ಹಾಗಾದರೆ ಸೀಟಿನ ಒಳಗೆ ಅಸಲಿಗೆ ಏನಿರಬೇಕಿತ್ತು ಎಂದು ಮೊಬೈಲಿನಲ್ಲಿ ಹುಡುಕಿದೆ. ಇಟಲಿಯ ಮುದುಕನೊಬ್ಬ ಇಂಥದ್ದೇ ಕಾರಿನ ಸೀಟು ಬಿಚ್ಚುವ ವಿಡಿಯೋ ಸಿಕ್ಕಿತು. ಚರ್ಮ ಸರಿಸಿದ. ಒಳಗೆ ಕಂದು ನಾರು. ಮುದುಕ ಅದನ್ನು ಎರಡೂ ಕೈಯಲ್ಲಿ ಎತ್ತಿ ಮುತ್ತು ಕೊಟ್ಟ. ಕೆಳಗೆ ಅಕ್ಷರ ಮೂಡಿತು: ಕಾರ್ಖಾನೆಯಲ್ಲೇ ತುಂಬಿದ ತೆಂಗಿನ ನಾರು, ಈಗ ಎಲ್ಲೂ ಉಳಿದಿಲ್ಲ.

ಚಿಕ್ಕಪ್ಪನಿಗೆ ತೋರಿಸಿದೆ. ಅವರು ಬಯ್ಯಲಿಲ್ಲ. ಬಚ್ಚಲು ಮನೆಯ ಹೊಗೆಗೂಡಿನ ಕಡೆ ನೋಡುತ್ತ ನಿಂತರು. ಬಯ್ದಿದ್ದರೆ ಉತ್ತರ ಕೊಡಬಹುದಿತ್ತು. ಚಿಕ್ಕಮ್ಮ ಮಾತ್ರ, "ಅದ್ಕೇಯಾ ಅವತ್ತು ನೀರು ಅಷ್ಟು ಬೇಗ ಕಾದಿದ್ದು!" ಎಂದರು.

ಚರ್ಚಾಸ್ಪರ್ಧೆಯಲ್ಲಿ ಪರವಾಗಿಯೂ ವಿರೋಧವಾಗಿಯೂ ಮಾತಾಡಲು ಕಲಿಸುತ್ತಾರೆ, ನಿಲ್ಲಿಸಲು ಕಲಿಸುವುದಿಲ್ಲ. ಅವತ್ತಿನಿಂದ ನಾನು ಆ ಕಡೆಯಿಂದ ಈ ಕಡೆಗೆ ಹಾರಿ, 'ಒರಿಜಿನಲ್' ಕಾಯಲು ನಿಂತೆ. ಕಾರಿನ ಹತ್ತಿರ ಯಾರೂ ಸ್ಪ್ಯಾನರ್ ಹಿಡಿದು ಸುಳಿಯುವಂತಿಲ್ಲ. ಹಬ್ಬದ ಹಿಂದಿನ ದಿನ ಅರಸೀಕೆರೆಯಿಂದ ಮೆಕ್ಯಾನಿಕ್ ಸಲೀಮಣ್ಣ ಯಾವುದೋ ಓಮ್ನಿಯ ಕಾರ್ಬುರೇಟರ್ ಹಿಡಿದುಕೊಂಡು ಬಂದ. ಅವನ ಪ್ರಕಾರ ಜಗತ್ತಿನಲ್ಲಿ ಯಾವುದನ್ನು ಬೇಕಾದರೂ ಯಾವುದಕ್ಕೆ ಬೇಕಾದರೂ ಕೂರಿಸಬಹುದು. ನಾನು ಕಾರಿಗೆ ಅಡ್ಡ ನಿಂತೆ.

"ಓಡಿದ್ರೆ ಸಾಕಲ್ವೇನಮ್ಮಾ? ಇದ್ನ ಹಾಕಿದ್ರೆ ವಿಮಾನನೂ ಎಬ್ಬಿಸ್ತೀನಿ ನಾನು," ಎಂದ.

"ಒರಿಜಿನಲ್ ಅಲ್ಲ," ಎಂದೆ.

ಚಿಕ್ಕಪ್ಪನಿಗೆ ತಡೆಯಲಾಗಲಿಲ್ಲ. "ಲೇ, ನಾಳೆ ನಿಂಬೆಹಣ್ಣು ಜಜ್ಜದೇ ಇದ್ರೆ ಗುಜರಿ ಅಂದೋಳು ನೀನು. ಈಗ ಜಜ್ಜಕ್ಕೂ ಬಿಡ್ದೇ ಇರೋಳು ನೀನು. ಯಾರ್ ಕಡೆ ಕಣೇ ನೀನು?"

ನಾನು ಅವರತ್ತ ತಿರುಗಿ, ಎರಡೂ ಕಡೆಯ ಪಾಯಿಂಟುಗಳನ್ನು ಬೆರಳು ಮಡಚಿ ಎಣಿಸತೊಡಗಿದೆ. ಆ ಸಂದಿನಲ್ಲಿ ಸಲೀಮಣ್ಣ ಕಾರ್ಬುರೇಟರ್ ಕೂರಿಸಿಬಿಟ್ಟ.

ಮರುದಿನ ಟ್ರ್ಯಾಕ್ಟರ್, ಬೈಕು, ಕಾಯಿ ಸುಲಿಯುವ ಯಂತ್ರ, ಎಲ್ಲದರ ಪೂಜೆಯಾಗಿ ಕಾರಿನ ಸರದಿ ಬಂತು. ಬಾಳೆಕಂದು ಕಟ್ಟಿದೆವು, ಸೇವಂತಿಗೆ ಹಾರ ಹಾಕಿದೆವು. ಚಿಕ್ಕಮ್ಮ ಎಣ್ಣೆಯಲ್ಲಿ ಕಲಸಿದ ಕುಂಕುಮ ಹಿಡಿದು ಬಾನೆಟ್ಟಿನ ಕಡೆ ಬಂದರು. "ಬಣ್ಣ ಒರಿಜಿನಲ್, ಎಣ್ಣೆ ತಾಗಬಾರದು!" ಎಂದು ಕೈ ಅಡ್ಡ ಹಿಡಿದೆ. ಚಿಕ್ಕಮ್ಮ ಆ ಕುಂಕುಮವನ್ನು ನನ್ನ ಹಣೆಗೇ ಬಳಿದು, "ನೀನೂ ಒರಿಜಿನಲ್ಲೇ ಕಣಮ್ಮಾ, ಸರಿ ಅತ್ಲಾಗೆ," ಎಂದರು.

ಚಿಕ್ಕಪ್ಪ ಚಪ್ಪಲಿ ಬಿಟ್ಟು, ಖಾಲಿ ಸೀಟಿನ ಮೇಲೆ ಗೋಣಿಚೀಲ ಮಡಚಿ ಹಾಕಿ ಕೂತರು. ಎಂಜಿನ್ ಕೆಮ್ಮಿತು, ಉಗುಳಿತು, ಗುಡುಗಿತು. ಅಟ್ಟದ ಮೇಲಿನ ಕಾಯಿಗಳೆಲ್ಲ ಒಳಗೊಳಗೇ ಗುಡುಗುಡು ಎಂದವು. ಕಾರು ಮುಂದಕ್ಕೆ ಜಿಗಿಯಿತು. ಮೂರು ನಿಂಬೆಹಣ್ಣು ಚಿಟ್ಟೆಂದು ಒಡೆದವು. ನಾಲ್ಕನೆಯದು ಚಕ್ರದಡಿಯಿಂದ ಸಿಡಿದು, ಉರುಳಿ ಉರುಳಿ ಚಿಕ್ಕಮ್ಮನ ಕಾಲ ಬಳಿ ಬಂದು ಇಡಿಯಾಗಿ ನಿಂತಿತು. ಕಾರು ಬಾಗಿಲು ದಾಟಿ ಅಂಗಳದಲ್ಲಿ ಹೋಗಿ ಆರಿತು.

ಚಿಕ್ಕಪ್ಪ ಸ್ಟೇರಿಂಗ್ ಹಿಡಿದುಕೊಂಡೇ ನನ್ನ ಮುಖ ನೋಡಿದರು. ಚಿಕ್ಕಮ್ಮ ನಿಂಬೆಹಣ್ಣು ಎತ್ತಿ ತೋರಿಸಿದರು. "ಏನ್ ಲಾಯರಮ್ಮಾ? ನಾಲ್ಕೂ ಅಂದಿದ್ದೆ."

ನಾನೇ ಹಾಕಿದ ಷರತ್ತು. ಗಂಟಲು ಸರಿ ಮಾಡಿಕೊಂಡು, "ನೋಡಿ, ನಿಂಬೆಹಣ್ಣು ತಾನಾಗಿ ತಪ್ಪಿಸಿಕೊಂಡರೆ ಅದರ ಹೊಣೆ ಕಾರಿನದಲ್ಲ..." ಎಂದು ಶುರು ಮಾಡಿದೆ.

"ಸಾಕು ಸುಮ್ಕಿರು. ನಂಗೇನ್ ಕಣ್ಣಿಲ್ವಾ, ಗಾಡಿ ಓಡ್ತು. ಅದಿರ್ಲಿ, ಅದು ನಿಂತಿರೋ ಜಾಗ ನೋಡು, ಬಾಗ್ಲಿಂದಾಚೆ. ನಂಗೆ ಬೇಕಾಗಿದ್ದೂ ಅಷ್ಟೇಯ. ಅಲ್ಲೇ ಒಂದು ಚಪ್ಪರ ಹಾಕ್ಸ್ಕೊಳ್ರೀ. ಗುಜರಿಯೋನಿಗೆ ನಾನೇ ಹೇಳ್ತೀನಿ ಬರ್ಬೇಡ ಅಂತ," ಎಂದು ಚಿಕ್ಕಮ್ಮ ಆ ನಿಂಬೆಹಣ್ಣನ್ನು ಚಿತ್ರಾನ್ನಕ್ಕೆ ಹಿಂಡಲು ಒಳಗೆ ನಡೆದರು. ನನ್ನ ವಾದವಿಲ್ಲದೆಯೇ ಮೊಕದ್ದಮೆ ಮುಗಿದಿತ್ತು.

ಈಗ ರಜೆ ಸಿಕ್ಕಾಗಲೆಲ್ಲ ಅಂಗಳದಲ್ಲಿ ಕೂತು ಸಿಪ್ಪೆ ಬಡಿದು ಸೀಟಿಗೆ ತುಂಬಲು ನಾರು ಬಿಡಿಸುತ್ತೇನೆ. ವಿಡಿಯೋದ ಬಣ್ಣಕ್ಕೆ ಹೊಂದದಿರುವುದನ್ನು ಪಕ್ಕಕ್ಕೆ ಎಸೆಯುತ್ತೇನೆ. "ಅವ್ರು ತುಂಬಿದ್ದೂ ನಮ್ ಅರಸೀಕೆರೆ ನಾರೇ ಇರ್ಬೇಕು, ಯಾವ್ದಾದ್ರೇನು, ತುಂಬು," ಎನ್ನುತ್ತಾರೆ ಚಿಕ್ಕಪ್ಪ. ಇಟಲಿಯವರು ತುಂಬಿದ್ದ ನಾರು ಅರಸೀಕೆರೆಯದೇ ಎನ್ನುವುದಕ್ಕೆ ಆಧಾರ ಏನು ಎಂದು ಕೇಳಿದೆ. ಒಳಗಿನಿಂದ ಚಿಕ್ಕಮ್ಮನ ದನಿ ಬಂತು: "ಅಲ್ಲ ಅನ್ನಕ್ಕೆ ಏನೇ ಆಧಾರ? ಎದ್ದು ಬಾ, ನೀರು ಕಾದೈತೆ."

ಎದ್ದು ಹೋಗುತ್ತೇನೆ. ಆದರೆ ಈಚೆಗೆ ಸ್ನಾನಕ್ಕೆ ಹೋಗುವ ಮೊದಲು ಬಗ್ಗಿ ಒಲೆಯೊಳಗೆ ಉರಿಯುತ್ತಿರುವುದೇನು ಎಂದು ನೋಡಿಕೊಳ್ಳುತ್ತೇನೆ.