ಅತ್ತೆಯ ಅಂಗೈಯಲ್ಲಿ ಓದಿದ ಮಾವ

ನಮ್ಮ ಸೋದರಮಾವ ಇಂಡಿಯಲ್ಲಿ ಬೋರ್ಡು ಬರೆಯುತ್ತಿದ್ದರು. ಅಕ್ಷರ ಬಲ್ಲವರೆಲ್ಲ ಅವನ್ನು ಓದುತ್ತಿದ್ದರು, ಒಬ್ಬರನ್ನು ಬಿಟ್ಟು. ಆ ಒಬ್ಬರು ಸ್ವತಃ ಮಾವ!

ಮೊದಲಿನಿಂದ ಹಾಗಿರಲಿಲ್ಲ. ಎಪ್ಪತ್ತರ ದಶಕದ ಒಂದು ಬೇಸಿಗೆಯಲ್ಲಿ ಏಣಿಯ ಮೇಲಿದ್ದಾಗ ಮಾವನಿಗೆ ತಲೆಸುತ್ತು ಬಂದು ಎಚ್ಚರ ತಪ್ಪಿತು. ಎಚ್ಚರವಾದಾಗ ಕೈಕಾಲು, ಮಾತು, ಸಿಟ್ಟು ಎಲ್ಲ ಸರಿಯಾಗಿಯೇ ಇದ್ದವು. ಪತ್ರಿಕೆ ಕೊಟ್ಟರೆ ಮಾತ್ರ, "ಇದು ಯಾವ ಭಾಷೆ ಪೇಪರ್ ತಂದೀರಿ?" ಎಂದು ಕೇಳಿದರು.

ಡಾಕ್ಟರು ಹೇಳಿದರು: "ಕಣ್ಣು ಚಲೋ ಅದಾವ. ಕಣ್ಣಿನಿಂದ ಅಕ್ಷರಕ್ಕ ಹೋಗೋ ದಾರಿ ಮಿದುಳಿನ್ಯಾಗ ಕೆಟ್ಟೈತಿ. ಬರಿಯೋ ದಾರಿ ಬ್ಯಾರೆ, ಅದು ನೆಟ್ಟಗೈತಿ."

ಬೇರೆಯವರಾಗಿದ್ದರೆ ಕುಂಚ ಕೆಳಗಿಡುತ್ತಿದ್ದರು. ಮಾವ ಖಾನಾವಳಿಯೊಂದಕ್ಕೆ ಮುತ್ತಿನಂಥ ಅಕ್ಷರದಲ್ಲಿ ಬೋರ್ಡು ಬರೆದು, ಕೆಳಗಿಳಿದು ಮಾಲೀಕನನ್ನೇ ಕೇಳಿದರು, "ಏನಂತ ಐತ್ರಿ ಅದು?"

"ನೀವ ಬರದೀರಲ್ರಿ?"

"ಬರದಾಂವ ನಾನು. ಓದಾಂವ ನೀವು."

ಹಲ್ಲುನೋವೆಂದು ಸೊಲ್ಲಾಪುರಕ್ಕೆ ಹೋದಾಗ ಸಿಕ್ಕವರು ಚೀನೀ ಮನೆತನದ ಹಲ್ಲಿನ ವೈದ್ಯರು. ಅವರ ಗೋಡೆಯ ಮೇಲಿನ ಚೀನೀ ಕ್ಯಾಲೆಂಡರ್ ನೋಡಿ ಮಾವ ಖುಷಿಯಾದರು. "ಇದನ್ನ ಓದಾಕ ಬರದಿದ್ರ ಯಾರೂ ನಗೂದಿಲ್ಲ ನೋಡು," ಎಂದರು ಜೊತೆಗೆ ಬಂದಿದ್ದ ಅತ್ತೆಗೆ. ಕಥೆ ಕೇಳಿದ ವೈದ್ಯರು ಮರಾಠಿ ಬೆರೆತ ಹಿಂದಿಯಲ್ಲಿ ಹೇಳಿದ್ದು ಇಷ್ಟು: "ನಮ್ಮಲ್ಲಿ ಸಾವಿರಾರು ಅಕ್ಷರ. ಕೆಲವೊಮ್ಮೆ ಕಂಡರೂ ಹೊಳೆಯುವುದಿಲ್ಲ. ಆಗ ಬೆರಳಿನಿಂದ ಅಂಗೈ ಮೇಲೆ ಬರೆದುಕೊಳ್ಳುತ್ತೇವೆ. ಕಣ್ಣಿಗೆ ಕೈ ಹೇಳಿಕೊಡುತ್ತದೆ."

ಮಾವ ಹಲ್ಲು ಕೀಳಿಸದೆಯೇ ಎದ್ದು ಬಂದರು. ರೈಲಿನಲ್ಲಿ ಎಡಗೈಯಲ್ಲಿ ಪತ್ರಿಕೆ ಹಿಡಿದರು. ಬಲಗೈ ಬೆರಳಿಗೊಂದು ಅಂಗೈ ಬೇಕಲ್ಲ? ಶಾಲೆಯ ಮೆಟ್ಟಿಲು ಹತ್ತದ ಅತ್ತೆಯ ಅಂಗೈ ಪಕ್ಕದಲ್ಲೇ ಇತ್ತು. ಕಂಡ ಅಕ್ಷರವನ್ನು ಅದರ ಮೇಲೆ ತಿದ್ದುವುದು, ತಿದ್ದಿದ್ದನ್ನು ಜೋರಾಗಿ ಹೇಳುವುದು. ಇಂಡಿ ಬರುವಷ್ಟರಲ್ಲಿ ಒಂದು ತಲೆಬರಹ ಮುಗಿದಿತ್ತು.

ಅಂದಿನಿಂದ ದಿನವೂ ಅದೇ ನಡೆಯಿತು. ಅತ್ತೆಯ ಕಣ್ಣು ಪತ್ರಿಕೆಯ ಮೇಲೆ, ಕೈ ಮಾವನ ವಶದಲ್ಲಿ.

"ಕಚಗುಳಿ ಆಗ್ತೈತ್ರಿ."

"ತಡಿ, ಇನ್ನೂ ಒತ್ತಕ್ಷರ ಉಳದೈತಿ."

ವರ್ಷಗಳು ಹೀಗೇ ಕಳೆದವು. ಒಮ್ಮೆ ಮುದ್ದೇಬಿಹಾಳದ ಮದುವೆಗೆ ಹೊರಟು, ಮಾವ, ಅತ್ತೆ, ನಾನು ಮೂವರೂ ಬಸವನ ಬಾಗೇವಾಡಿಯಲ್ಲಿ ಬಸ್ಸು ಬದಲಿಸಬೇಕಿತ್ತು. ಹೊರಡಲು ನಿಂತಿದ್ದ ಬಸ್ಸಿನ ಬೋರ್ಡು ನೋಡುತ್ತ ಮಾವ ಎಂದಿನಂತೆ ಅತ್ತೆಯ ಕೈ ಹಿಡಿದರು. ಬೆರಳು ಇನ್ನೂ ಮೊದಲ ಅಕ್ಷರದಲ್ಲಿತ್ತು.

"ಮುದ್ದೇಬಿಹಾಳ ಐತ್ರಿ. ಹತ್ರಿ," ಎಂದರು ಅತ್ತೆ.

"ಯಾರು ಹೇಳಿದ್ರು ನಿನಗ?"

"ಬೋರ್ಡಿನ ಮ್ಯಾಲೆ ಐತಲ್ರಿ."

ಬಸ್ಸಿನಲ್ಲಿ ಕುಳಿತ ಮೇಲೆ ಮಾವ ಅತ್ತೆಯ ಕೈಯನ್ನು ಮತ್ತೆ ತೆಗೆದುಕೊಂಡರು. ಮುದ್ದೇಬಿಹಾಳ ಬರುವವರೆಗೂ ಅದರ ಮೇಲೆ ಏನನ್ನೂ ಬರೆಯಲಿಲ್ಲ, ಸುಮ್ಮನೆ ಹಿಡಿದುಕೊಂಡಿದ್ದರು.