ತರೀಕೆರೆ ಉಪದೇಶಿ ಪಾಸಾದದ್ದು

ಪಾದ್ರಿಗಳನ್ನ ತಯಾರು ಮಾಡೋ ಮನೇಲಿ ಅಡುಗೆ ಮಾಡೋಳಿಗೆ ನಗೋಕೆ ಬೇರೆ ಕಡೆ ಹೋಗೋ ಕೆಲಸವಿಲ್ಲ. ಕಡೂರಿನ ನಮ್ಮ ಲೂಥರನ್ ಮಿಷನ್ ಮನೆಗೆ ನೇಪಾಳ, ಲಂಕಾ, ಬಾಂಗ್ಲಾದೇಶದಿಂದ ಚರ್ಚಿನ ಸಭೆ ನಡೆಸೋರು ತರಬೇತಿಗೆ ಬರ್ತಾರೆ. ಈ ಸಲ ಅವರ ಜೊತೆ ತರೀಕೆರೆ ಸಭೆ ನೋಡ್ಕೊಳ್ಳೋ ನಮ್ಮ ಉಪದೇಶಿನೂ ಇದ್ದ. ಎರಡು ಸಲ ಫೇಲಾದವನು. ಮತ್ತೆ ಫೇಲಾದ್ರೆ ತರೀಕೆರೆ ಸಭೆ ಬೇರೆಯವರ ಪಾಲು ಅಂತ ಪಾಠ ಹೇಳೋ ಗುರುಗಳು ಹೇಳಿಬಿಟ್ಟಿದ್ರು. ಅವನ ಹೆಂಡತಿ ನನಗೆ ಫೋನ್ ಮಾಡಿ, "ಅಜ್ಜಿ, ಸ್ವಲ್ಪ ನೋಡ್ಕೊಳಿ" ಅಂದಿದ್ಲು. ನೋಡೋ ಕೆಲಸ ನನಗೆ ಯಾರಾದ್ರೂ ಹೇಳಿಕೊಡಬೇಕಾ?

೧. ಮುದ್ದೆ ಮುಂದಿನ ಪ್ರಾರ್ಥನೆ

ಮೊದಲನೇ ದಿನ ಊಟದ ಪ್ರಾರ್ಥನೆ ಇವನ ಸರದಿ. ರಾಗಿ ಬೆಳೆದ ಯಗಟಿಯವರಿಂದ ಶುರು ಮಾಡಿದ. ಬೀಸಿದವರು, ನೇಪಾಳದವರ ಹೆಂಡತಿ ಮಕ್ಕಳು, ಲಂಕಾದ ಮೀನುಗಾರರು, ಒಬ್ಬರನ್ನೂ ಬಿಡಲಿಲ್ಲ. ನಾನು ತೊಳಸಿ ಕಟ್ಟಿದ ಮುದ್ದೆ ಆರಿ ಕಲ್ಲಾಯ್ತು. ಆಮೆನ್ ಆದ ಮೇಲೆ ನೇಪಾಳದಣ್ಣ ಬೆರಳಲ್ಲಿ ಒತ್ತಿ ನೋಡಿದ, ಬೆರಳು ಒಳಗೆ ಹೋಗಲಿಲ್ಲ. ಗುರುಗಳು ಅಂದ್ರು: "ಏನಪ್ಪಾ, ಎಲ್ಲರಿಗೂ ಬೇಡ್ಕೊಂಡೆ. ನಮ್ಮ ಹಲ್ಲಿಗೆ ಯಾರು ಬೇಡ್ಕೋಬೇಕು?"

೨. ಒಂದೇ ದಿನ ನಾಲ್ಕು ಮದುವೆ

ಅಜ್ಜಂಪುರದಲ್ಲಿ ಹೆಂಗಸರ ಸಭೆ ನಡೆಸೋ ಒಬ್ಬಳಿದ್ದಾಳೆ, ಗಂಡ ಸತ್ತವಳು. ಅವಳೂ ತರಬೇತಿಗೆ ಬಂದಿದ್ಲು. ಒಂದಿನ ಕಿಟಕೀಲಿ ಇಣುಕಿದ್ರೆ, ಮನೇಲಿ ಹೆಂಡತಿ ಇರೋ ಲಂಕಾದಣ್ಣನ ಕೈಯೊಳಗೆ ಇವಳ ಕೈ! ಮದುವೆ ಮಾಡಿಸ್ತಿರೋನು ನಮ್ಮ ಉಪದೇಶಿ! ನಾನು ಯಾರಿಗೂ ಹೇಳಲಿಲ್ಲ, ಬಸ್ ಸ್ಟ್ಯಾಂಡಿನ ಹೂವಿನವಳೊಬ್ಬಳಿಗೆ ಬಿಟ್ಟು. ಮಧ್ಯಾಹ್ನಕ್ಕೆಲ್ಲ ಅಜ್ಜಂಪುರದವಳ ತಮ್ಮ ಊರಿಂದ ಬೈಕಲ್ಲಿ ಬಂದ್ಬಿಟ್ಟ.

"ಏನಕ್ಕಾ, ಮದುವೆ ಆದೆಯಂತೆ?"

"ಲೇ, ಪಾಠದ ಅಭ್ಯಾಸ ಕಣೋ! ಬೆಳಿಗ್ಗೆಯಿಂದ ನಾಲ್ಕು ಸಲ ಆಯ್ತು. ಈ ಉಪದೇಶಿ ಅರ್ಧಕ್ಕೆ ಮರೆತುಬಿಡ್ತಾನೆ, ನಾವು ಮತ್ತೆ ಮೊದಲಿಂದ ಆಗಬೇಕು."

ತಮ್ಮ ಉಸಿರು ಬಿಟ್ಟು ಜಗಲಿ ಮೇಲೆ ಕೂತ. ಆಮೇಲೆ ನನ್ನ ಕಡೆ ತಿರುಗಿ, "ನಾಲ್ಕು ಮದುವೆ ಆಗಿದೆ ಅಂದ್ಮೇಲೆ ಒಂದಕ್ಕಾದ್ರೂ ಊಟ ಹಾಕ್ಸಿರ್ಬೇಕಲ್ಲಜ್ಜಿ?" ಅಂದ.

೩. ಪರೀಕ್ಷೆಯ ಹೆಣ

ಕೊನೇ ದಿನ ಪರೀಕ್ಷೆ. ಉಪದೇಶಿಗೆ ಬಂದಿದ್ದು ಮಣ್ಣು ಮಾಡೋ ಪ್ರಾರ್ಥನೆ. ನೇಪಾಳದಣ್ಣನನ್ನ ಬೆಂಚಿನ ಮೇಲೆ ಮಲಗಿಸಿ ಬಿಳೀ ಪಂಚೆ ಹೊದಿಸಿದ್ರು. ಉಪದೇಶಿ ಪುಸ್ತಕ ಹಿಡಿದ. ಮೊದಲನೇ ಸಾಲಲ್ಲೇ ಮೂರು ಸಲ ತಡವರಿಸಿದ. ಗುರುಗಳು ಪೆನ್ನಿನ ಮುಚ್ಚಳ ತೆಗೆದ್ರು. ಹೋಯ್ತು ತರೀಕೆರೆ ಅಂದ್ಕೊಂಡೆ.

ಅಷ್ಟರಲ್ಲಿ ಅಡುಗೆಗೆ ಕಾಯಿ ಕೊಡೋಕೆ ಬಂದ ಚೌಳಹಿರಿಯೂರಿನ ತೆಂಗಿನಕಾಯಿಯವಳು ಬಿಳೀ ಪಂಚೆ ನೋಡಿಬಿಟ್ಲು. ನಮ್ಮ ಕಡೆ ಹೆಣ ಕಂಡ್ರೆ ಮೊದಲು ಅಳೋದು, ಯಾರದು ಅಂತ ಆಮೇಲೆ ಕೇಳೋದು. ಬುಟ್ಟಿ ಇಳಿಸಿ, ಕಾಲ ಹತ್ರ ಕೂತು, ಹಾಡಿ ಹಾಡಿ ಅತ್ತಳು: "ಯಾವ ತಾಯಿ ಹೆತ್ತ ಮಗನೋ, ಅವಳಿಗೆ ಯಾರು ಹೋಗಿ ಹೇಳ್ತಾರೋ!"

ಉಪದೇಶಿ ಪುಸ್ತಕ ಮುಚ್ಚಿಟ್ಟು ನೆಲದ ಮೇಲೆ ಅವಳ ಪಕ್ಕ ಕೂತ. "ಅಳವ್ವ, ಅತ್ತುಬಿಡು. ದೇವರು ಇವನ ಕೈ ಬಿಟ್ಟಿಲ್ಲ, ಇವನ ತಾಯಿ ಕೈಯೂ ಬಿಡಲ್ಲ" ಅಂದ. ಒಂದು ಕಡೆಯೂ ತಡವರಿಸಲಿಲ್ಲ. ಹೆಣ ಸುಳ್ಳು ಅಂತ ಗೊತ್ತಿದ್ರೂ ನನ್ನ ಕಣ್ಣಲ್ಲಿ ನೀರು ಬಂತು. ಗುರುಗಳು "ಪಾಸು ಕಣಯ್ಯ" ಅಂದ್ರು. ಅಬ್ಬಾ, ನನ್ನ ಎದೆ ಮೇಲಿಂದ ಬೀಸೋಕಲ್ಲು ಇಳಿದಂಗಾಯ್ತು.

ಪಾಸು ಅನ್ನೋದು ಕನ್ನಡ ಬಾರದ ನೇಪಾಳದಣ್ಣನಿಗೂ ಅರ್ಥವಾಯ್ತು. ಪಂಚೆ ಸರಿಸಿ, ಎದ್ದು ಕೂತು, ಚಪ್ಪಾಳೆ ಹೊಡೆದ.

ಕಾಯಿಯವಳು ಬಾಯಿ ಬಿಟ್ಕೊಂಡು ನೋಡಿದ್ಲು. ಆಮೇಲೆ ಸೆರಗಲ್ಲಿ ಮೂಗೊರೆಸ್ಕೊಂಡು ಗದರಿದ್ಲು: "ಮಲಗೋ ಮುಂಡೇದೆ! ನನ್ನ ಗಂಡ ಸತ್ತಾಗಲೂ ಇಷ್ಟು ಚೆನ್ನಾಗಿ ಅತ್ತಿರಲಿಲ್ಲ. ಇನ್ನೂ ಅರ್ಧ ಹಾಡು ಬಾಕಿ ಐತೆ!"