ಟೇಲರ್ ಮನೆಯ ಪಡಸಾಲೆಯಲ್ಲಿ ಲಾರಿ

ನಮ್ಮ ಮನೆಯಲ್ಲಿ ಯಾವ ಕೆಲಸವನ್ನು ಎಷ್ಟೇ ಗಂಭೀರವಾಗಿ ಶುರು ಮಾಡಲಿ, ಅದು ಓಣಿಯವರೆಲ್ಲ ನಗುವಲ್ಲಿಗೆ ಬಂದು ಮುಗಿಯುತ್ತದೆ. ಮದುವೆಯಾಗಿ ಸುರಪುರಕ್ಕೆ ಬಂದಾಗಿನಿಂದ ನೋಡುತ್ತಲೇ ಇದ್ದೇನೆ. ಮೊದಮೊದಲು ನಾಚಿಕೆಯಾಗುತ್ತಿತ್ತು, ಈಗ ರೂಢಿಯಾಗಿದೆ. ಟಿವಿಗೆ ಕಂಪ್ಯೂಟರ್ ಜೋಡಿಸಿ ಆಟ ಆಡಿದ ಕಥೆಯೂ ಹಾಗೇ. ಅದು ಶುರುವಾದಾಗ ಮನೆಯಲ್ಲಿ ಯಾರಿಗೂ ನಗುವ ಮನಸ್ಸಿರಲಿಲ್ಲ. ನಮ್ಮ ಮನೆಯವರು ಟೇಲರ್. ಅವರ ಬಲಗೈ ಕೆಲಸ ನಿಲ್ಲಿಸಿತ್ತು.

ಬಳಕೆಯಾಗದ ಚೆಂಡು

ಶಹಾಪುರದಿಂದ ಬಟ್ಟೆಯ ಗಂಟು ಕಟ್ಟಿಕೊಂಡು ಬೈಕಿನಲ್ಲಿ ಬರುವಾಗ ರಸ್ತೆಗೆ ಕುರಿಹಿಂಡು ಅಡ್ಡ ಬಂತು. ಇವರು ಬ್ರೇಕ್ ಒತ್ತಿದರು, ಜಾರಿ ಬಿದ್ದರು, ಬಲಗೈ ಮಣಿಕಟ್ಟು ಮುರಿಯಿತು. ಕುರಿ ಕಾಯುವವನು ಓಡಿ ಬಂದು ಮೊದಲು ಹಿಂಡಿನ ಮೇಲೆಲ್ಲ ಕಣ್ಣಾಡಿಸಿ, ಆಮೇಲೆ ನೆಲದ ಮೇಲೆ ನರಳುತ್ತಿದ್ದ ಇವರಿಗೆ ಸಮಾಧಾನ ಹೇಳಿದನಂತೆ. "ಏನೂ ಫಿಕರ್ ಮಾಡಬ್ಯಾಡ್ರಿ. ಒಂದ ಕುರಿಗೂ ಪೆಟ್ಟಾಗಿಲ್ಲ."

ಆ ಮಾತಿಗೆ ನಾವು ಇವತ್ತಿಗೂ ನಗುತ್ತೇವೆ. ಆದರೆ ಅದೇ ಮನುಷ್ಯ ತನ್ನ ಹೆಗಲ ಮೇಲಿನ ವಸ್ತ್ರದಿಂದ ಇವರ ಕೈ ಕಟ್ಟಿ, ಹಿಂಡನ್ನು ಅಲ್ಲೇ ಬಿಟ್ಟು, ಆಟೋ ಹತ್ತಿ ಆಸ್ಪತ್ರೆಯವರೆಗೂ ಬಂದ. ಅವನಿಗೆ ಒಳ್ಳೆಯದಾಗಲಿ.

ಪಟ್ಟಿ ಬಿಚ್ಚಿದ ಮೇಲೆ ಬೆರಳು ಮಡಚಲಿಲ್ಲ. ಕತ್ತರಿ ಹಿಡಿಯಲು ಆಗದು, ಸೂಜಿಯಂತೂ ದೂರದ ಮಾತು. ಯಾದಗಿರಿಯ ಡಾಕ್ಟರು ಒಂದು ರಬ್ಬರ್ ಚೆಂಡು ಕೊಟ್ಟು, ದಿನಾ ಇದನ್ನು ಒತ್ತುತ್ತಿರಬೇಕು, ಬೆರಳು ಆಡಿಸಿದರೆ ಕೈ ಬರುತ್ತದೆ, ಇಲ್ಲದಿದ್ದರೆ ಹೀಗೇ ಉಳಿಯುತ್ತದೆ ಎಂದರು. "ಕೈ ಬಂತು ಅಂತ ನಂಗ ಹ್ಯಾಂಗ ಗೊತ್ತಾಗಬೇಕ್ರಿ?" ಎಂದು ಇವರು ಕೇಳಿದರು. ನಿಮಗೇ ತಿಳಿಯುತ್ತದೆ ಎಂದು ಡಾಕ್ಟರು ಅಂದರೆ, ಇವರು ತಾವೇ ಒಂದು ಗುರಿ ಹಾಕಿಕೊಂಡರು. "ಕೈಲೆ ಒಂದು ಕಾಜ ಹಾಕಿದ್ರ ಬಂತು ಅಂತ ತಿಳೀತೀನ್ರಿ." ಕಾಜ ಎಂದರೆ ಗುಂಡಿ ತೂರಿಸುವ ಸೀಳು. ಅದರ ಸುತ್ತ ಕೈಯಿಂದ ಒತ್ತಾಗಿ ಹೊಲಿಯುವುದೇ ಟೇಲರಿಕೆಯಲ್ಲಿ ಬೆರಳಿಗೆ ಅತಿ ಕಷ್ಟದ ಕೆಲಸ.

ಮುಂದಿನ ಸಲ ಹೋದಾಗ ಡಾಕ್ಟರು, "ದಿನಾ ಒತ್ತಾಕತ್ತೀರಿಲ್ಲ?" ಎಂದು ಕೇಳಿದರು. "ಒಂದಿನಾನೂ ಬಿಟ್ಟಿಲ್ರಿ" ಎಂದರು ಇವರು. ಮಗನ ಮಾತಿಗೆ ಸಾಕ್ಷಿ ಹೇಳುವ ಹುಮ್ಮಸ್ಸಿನಲ್ಲಿ ನಮ್ಮ ಅತ್ತೆ ಚೀಲದಿಂದ ಚೆಂಡು ತೆಗೆದು ಮೇಜಿನ ಮೇಲಿಟ್ಟರು. ಡಾಕ್ಟರು ಕೊಟ್ಟಾಗಿನ ಪ್ಲಾಸ್ಟಿಕ್ ಕವರು ಹಾಗೇ ಇತ್ತು, ಗಂಟು ಕೂಡ ಬಿಚ್ಚಿರಲಿಲ್ಲ.

ಡಾಕ್ಟರು ಅದನ್ನು ತಿರುಗಿಸಿ ಮುರುಗಿಸಿ ನೋಡಿ ಹೇಳಿದರು. "ಒತ್ತಿದ್ದು ಖರೇನ ಇರಬೇಕು. ಕವರು ಬಿಚ್ಚಿ ಒತ್ತಿದ್ರ ಇನ್ನೂ ಚಲೋ."

ಆಧಾರ್ ಇಲ್ಲದ ಹೆಣ್ಣು

ಯಾದಗಿರಿಯಲ್ಲಿ ನನ್ನ ತಮ್ಮ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಅವತ್ತು ದವಾಖಾನೆಯಿಂದ ನೇರ ಅಲ್ಲಿಗೇ ಹೋದೆವು. ಚೆಂಡಿನ ಕಥೆ ಕೇಳಿ ಅವನು ನಗಲಿಲ್ಲ. "ಚೆಂಡು ಒತ್ತೂದು ಯಾರಿಗಾದ್ರೂ ಬ್ಯಾಸರ ಆಗ್ತೈತಿ ಅಕ್ಕ. ಆಟ ಆಡಸೋಣ. ಆಟದ ರಿಮೋಟಿನಾಗ ಎಲ್ಲಾ ಬೆರಳಿಗೂ ಕೆಲಸ ಇರ್ತೈತಿ. ನಿಮ್ಮ ಟಿವಿಗೇ ಹಚ್ಚಿ ಕೊಡ್ತೀನಿ, ಮಾಮಾ ಕುಂತಲ್ಲೇ ಆಡಲಿ." ಡಾಕ್ಟರಿಗೆ ಫೋನ್ ಮಾಡಿ ಕೇಳಿದ. ಚೆಂಡಿಗಿಂತ ವಾಸಿ ಎಂದರಂತೆ ಅವರು.

ಅಂಗಡಿಯಲ್ಲಿದ್ದ ಹಳೆಯ ಬಿಡಿಭಾಗಗಳನ್ನೆಲ್ಲ ಕೂಡಿಸಿ ಅವನೇ ಒಂದು ಕಂಪ್ಯೂಟರ್ ಕಟ್ಟಿದ. ತಯಾರಾಗಿದೆ ಎಂದು ತಿಳಿಸಿದಾಗ ನಾನು ಮತ್ತು ಅತ್ತೆ ಹೋಗಿ, ಅವನ ಜೊತೆ ಬಸ್ಸಿನಲ್ಲಿ ತಂದೆವು. ಪೆಟ್ಟಿಗೆಯನ್ನು ಅತ್ತೆ ಮೊಮ್ಮಗುವಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡಿದ್ದರು. ಕಂಡಕ್ಟರ್ ಬಂದು, "ಯವ್ವಾ, ಇದಕ್ಕ ಲಗೇಜ್ ಟಿಕೆಟ್ ತಗೋಬೇಕು" ಎಂದ.

"ನಮಗ ಟಿಕೆಟ್ ಇಲ್ಲಲ್ಲಪಾ?"

"ನಿಮಗ ಇಲ್ರಿ. ಹೆಣ್ಮಕ್ಕಳಿಗೆ ಫ್ರೀ ಐತಿ."

ಅತ್ತೆ ಸೆರಗನ್ನು ಪೆಟ್ಟಿಗೆಯ ತಲೆಯ ಮೇಲೆ ಹೊದಿಸಿ, "ಇದೂ ಹೆಣ್ಣ ಐತಿ" ಎಂದರು.

ಕಂಡಕ್ಟರ್ ಮುಖದ ಒಂದು ಗೆರೆಯನ್ನೂ ಸಡಿಲಿಸದೆ ಕೈ ಚಾಚಿದ. "ಹಂಗಾದ್ರ ಆಧಾರ್ ಕಾರ್ಡ್ ತೋರಸ್ಲಿ."

ತೂತು ಯಾಕೆ ಬಿಟ್ಟಿದ್ದಾರೆ

ಟೇಲರ್ ಮನೆಯಲ್ಲಿ ಬತ್ತಲೆಯಾಗಿ ಯಾವ ವಸ್ತುವೂ ಇರಬಾರದು ಎಂಬುದು ನಮ್ಮಲ್ಲಿ ಕಾನೂನು. ಟಿವಿಗೆ ಗವಸು, ಮಿಕ್ಸರಿಗೆ ಗವಸು, ಗ್ಯಾಸ್ ಸಿಲಿಂಡರಿಗೆ ನೆರಿಗೆ ಇಟ್ಟ ಲಂಗ. ಟಿವಿಯ ರಿಮೋಟಿಗೂ ಒಂದು ಅಂಗಿ ಇದೆ. ಪಡಸಾಲೆಗೆ ಬಂದ ನನ್ನ ತಮ್ಮ ಮೊದಲು ಟಿವಿಯ ಗವಸು ತೆಗೆದು, ಹಿಂದಿನ ಧೂಳಿಗೆ ಸೀನಿ, ವೈರು ಜೋಡಿಸಿದ. ಬಹಳ ಹೊತ್ತು ಟಿವಿಯಲ್ಲಿ ಬರೀ ನೀಲಿ ಬಂತು. ಆಮೇಲೆ ಚಿತ್ರ ಬಂತು, ಅಂಚು ಕತ್ತರಿಸಿ ಹೋಗಿತ್ತು. ಅದನ್ನು ಸರಿಮಾಡಿದರೆ ಅಕ್ಷರ ಸಾಸಿವೆಯಷ್ಟು. ಮಂಚದ ಮೇಲೆ ಕೂತು ಓದಲು ಬರುವಷ್ಟು ಅಕ್ಷರ ದೊಡ್ಡದು ಮಾಡುವ ಹೊತ್ತಿಗೆ ಅವನು ಬೆವತು ಹೋಗಿದ್ದ.

"ಇದಕ್ಕ ಗಾಳಿ ಮುಖ್ಯ" ಎಂದು ಎಲ್ಲರಿಗೂ ಪಾಠ ಹೇಳಿದ. "ಮುಂದಿನ ತೂತಿನಿಂದ ಗಾಳಿ ಎಳಕೋತೈತಿ, ಹಿಂದ ಬಿಡ್ತೈತಿ. ಈಗ ಸಣ್ಣದು ಕಟ್ಟೀನಿ. ಮುಂದ ಇನ್ನಷ್ಟು ಸಾಮಾನು ಹಾಕಿ ದೊಡ್ಡದು ಮಾಡೋಣ." ಹೇಳಿ ಊಟಕ್ಕೆ ಒಳಗೆ ಬಂದ. ನಾನು ರೊಟ್ಟಿ ಬಡಿಸಿದೆ. ಅವನು ಶೇಂಗಾ ಚಟ್ನಿಗೆ ಮೊಸರು ಕಲಸುತ್ತಿದ್ದಾಗ ಪಡಸಾಲೆಯಿಂದ ನಮ್ಮ ಮನೆಯವರ ಕೂಗು ಬಂತು. "ಏ, ಹೊಗಿ ಬರಾಕತ್ತೈತಿ."

ತಮ್ಮ ಎಂಜಲು ಕೈಯಲ್ಲೇ ಓಡಿ ಹೋಗಿ ಪ್ಲಗ್ ಕಿತ್ತ. ಕಂಪ್ಯೂಟರಿನ ಹಿಂದಿನಿಂದ ಹೊಗೆ ಸುರುಳಿ ಸುರುಳಿಯಾಗಿ ಬರುತ್ತಿತ್ತು. ಪೆಟ್ಟಿಗೆಯ ಹಣೆಗೆ ವಿಭೂತಿಯ ಗೆರೆ, ತಲೆಯ ಮೇಲೆ ದಾಸವಾಳ. ಮುಂದಿನ ಜಾಲರಿಯ ತೂತುಗಳಲ್ಲಿ ಸಾಲಾಗಿ ಊದುಬತ್ತಿ ಉರಿಯುತ್ತಿದ್ದವು. ಹೊಸ ವಸ್ತು ಮನೆಗೆ ಬಂದರೆ ಪೂಜೆ ಆಗದೆ ಬಳಸುವಂತಿಲ್ಲ, ಅತ್ತೆ ಅವರ ಕೆಲಸ ಮಾಡಿದ್ದರು.

"ಅತ್ತಿ, ಅಲ್ಲಿ ಯಾಕ ಚುಚ್ಚಿದ್ರಿ?"

ಅತ್ತೆಗೆ ಆಶ್ಚರ್ಯವೋ ಆಶ್ಚರ್ಯ. "ಮತ್ತ ಎಲ್ಲಿ ಚುಚ್ಚಬೇಕು? ಊದುಬತ್ತಿ ಹಚ್ಚಾಕ ಅಂತನ ಇಷ್ಟ ತೂತ ಬಿಟ್ಟಾರ. ಮಾಡಿದಾವರು ಯಾರೋ ಭಕ್ತರು ಅಂತ ನಾ ಎಷ್ಟ ಖುಷಿಪಟ್ಟೆ."

ಇವತ್ತಿಗೂ ಕಂಪ್ಯೂಟರ್ ಹಚ್ಚಿದ ಕೂಡಲೇ ಪಡಸಾಲೆಯಲ್ಲಿ ಗಂಧದ ವಾಸನೆ ಬರುತ್ತದೆ. ಅತ್ತೆ ಕೈಮುಗಿಯುತ್ತಾರೆ.

ಹತ್ತಿ ಲೋಡು

ತಮ್ಮ ಹಾಕಿಕೊಟ್ಟಿದ್ದು ಲಾರಿ ಓಡಿಸುವ ಆಟ. ಬಲಗೈ ತೋರುಬೆರಳಿನಿಂದ ಒಂದು ಗುಂಡಿಯನ್ನು ಒಳಕ್ಕೆ ಎಳೆದರೆ ಲಾರಿ ಮುಂದೆ ಹೋಗುತ್ತದೆ. ಎಷ್ಟು ಎಳೆದರೆ ಅಷ್ಟು ವೇಗ. ಅದಕ್ಕೇ ಅವನು ಆ ಆಟ ಆರಿಸಿದ್ದು. ಮೊದಲ ದಿನ ಲಾರಿ ಎತ್ತಿನ ಗಾಡಿಯಷ್ಟೂ ಓಡಲಿಲ್ಲ. ಹಿಂದಿನ ಗಾಡಿಗಳೆಲ್ಲ ಹಾರ್ನ್ ಹೊಡೆದು ಬಯ್ದವು. ಇವರು ರಿಮೋಟ್ ಕೆಳಗಿಟ್ಟು ಗೋಡೆ ಕಡೆ ಮುಖ ಮಾಡಿ ಮಲಗಿದರು. ನನಗೆ ಅಳು ಬಂತು.

ಮರುದಿನ ಅತ್ತೆ ಮಗನ ಪಕ್ಕ ಹೋಗಿ ಕೂತು, "ಲೋಡ್ ಯಾವ ಊರಿಗೆ ಮುಟ್ಟಸಬೇಕು?" ಎಂದು ಕೇಳಿದರು. ಯಾವುದೋ ಹೊರದೇಶದ ಊರಿನ ಹೆಸರು ಇವರಿಗೆ ಓದಲು ಬರಲಿಲ್ಲ. "ಹೆಸರು ಏನರ ಇರ್ಲಿ, ಅಲ್ಲಿ ಯಾರೋ ಕಾಯಾಕತ್ತಿರ್ತಾರಲ್ಲ. ಹೊಡಿ" ಎಂದರು ಅತ್ತೆ. ಇವರು ಎದ್ದು ಕೂತರು. ಚೆಂಡು ಮಾಡದ ಕೆಲಸವನ್ನು ಆ ಊರಿನಲ್ಲಿ ಲೋಡಿಗೆ ಕಾಯುತ್ತಿದ್ದವನು ಮಾಡಿದ.

ಆಮೇಲೆ ದಿನವೂ ಲಾರಿ ಹೊರಡತೊಡಗಿತು. ಹೊಲಿಯಲು ಕೊಟ್ಟ ರವಿಕೆ, ನಮ್ಮ ಕಡೆಯ ಜಂಪರ್, ಕೇಳಲು ಬಂದ ಹೆಂಗಸರು, ಆಗಿಲ್ಲ ಎಂದು ಕೇಳಿ ಬಯ್ಯುವ ಬದಲು ಪಡಸಾಲೆಯಲ್ಲಿ ಕೂತು ಲಾರಿ ನೋಡಿ ಹೋಗುತ್ತಿದ್ದರು. ಒಬ್ಬರೂ ಬಟ್ಟೆಯನ್ನು ಬೇರೆ ಟೇಲರಿಗೆ ಒಯ್ಯಲಿಲ್ಲ. ನಮ್ಮ ಓಣಿಯ ಈ ಋಣ ನನ್ನ ತಲೆಯ ಮೇಲಿದೆ. ಇವರೋ ಖಾಲಿ ರಸ್ತೆಯಲ್ಲೂ ಸಿಗ್ನಲ್ಲಿಗೆ ನಿಲ್ಲುವವರು, ಪ್ರತಿ ತಿರುವಿನಲ್ಲಿ ನಿಧಾನ ಮಾಡುವವರು. ಯಾಕೆಂದು ಕೇಳಿದರೆ, "ಕುರಿ ಬಂದ್ರ?" ಎನ್ನುವರು. ಲಾರಿಯ ಸ್ಪೀಡಿನ ಮುಳ್ಳು ಮೇಲೇರಿದಂತೆ ಬೆರಳು ಮಡಚುತ್ತಿದೆ ಎಂದು ಎಲ್ಲರಿಗೂ ತಿಳಿದಿತ್ತು. ಹಾಗಾಗಿ ಬಂದವರೆಲ್ಲ ಮೊದಲು ಕೇಳುತ್ತಿದ್ದುದು, "ಇವತ್ತ ಎಷ್ಟ ಸ್ಪೀಡ್ ಹೋಯ್ತ್ರಿ ಲಾರಿ?"

ಬಾಯಿಂದ ಬಾಯಿಗೆ ಈ ಮಾತು ಎಲ್ಲೆಲ್ಲಿಗೋ ಹೋಯಿತು. ಒಂದು ದಿನ ಶಹಾಪುರದ ಕಡೆಯ ರೈತರೊಬ್ಬರು ಬಾಗಿಲಲ್ಲಿ ನಿಂತು, "ಟೇಲರಿಕಿ ಬಿಟ್ಟು ಲಾರಿ ಹಿಡದಾರಂತಲ್ಲ, ಅವರ ಮನಿ ಇದ ಏನ್ರಿ? ಭಾಳ ನಿಧಾನಕ್ಕ, ಜ್ವಾಪಾನಾಗಿ ಹೊಡೀತಾರಂತ. ನಮ್ಮದು ಹತ್ತಿ ಲೋಡ್ ಐತಿ" ಎಂದರು. ನಾನು ಒಳಗೆ ಕರೆದು ಕೂರಿಸಿ ಚಹಾ ಕೊಟ್ಟೆ. ಅವರು ಚಹಾ ಕುಡಿಯುತ್ತ ಟಿವಿಯನ್ನೂ ನಮ್ಮ ಮನೆಯವರನ್ನೂ ಬಹಳ ಹೊತ್ತು ನೋಡಿದರು. ಕಪ್ಪು ಕೆಳಗಿಟ್ಟರು.

"ಹೊಡಿಯೂದು ಚಲೋನ ಹೊಡೀತಾರ್ರಿ. ನನ್ನ ಹತ್ತಿ ಇದರಾಗ ಹ್ಯಾಂಗ ಏರಸೂದು, ಅದಷ್ಟ ಹೇಳ್ರಿ."

ಅಂಗಿ

ಒಂದು ಮಧ್ಯಾಹ್ನ ಹಿಟ್ಟು ನಾದುತ್ತಿದ್ದೆ. ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಸದ್ದು ಕೇಳಿತು. ನಿಂತಿತು, ಮತ್ತೆ ಕೇಳಿತು. ಎಷ್ಟೋ ತಿಂಗಳಿಂದ ಆ ಸದ್ದಿಲ್ಲದ ಮನೆ ಅದು. ನಾನು ನೋಡಲು ಹೋಗಲಿಲ್ಲ, ಹೋದರೆ ನಿಂತುಬಿಟ್ಟೀತು ಎಂಬ ಹೆದರಿಕೆ. ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಒರಗಿ ನಿಂತು, ದೇವರೇ, ಇಷ್ಟು ಸಾಕು ಅಂದೆ.

ಮರುದಿನ ಎದ್ದು ನೋಡಿದರೆ ಕಂಪ್ಯೂಟರ್ ಮದುಮಗಳಾಗಿತ್ತು. ಮೈತುಂಬ ಕೆಂಪು ಮಖಮಲ್ಲಿನ ಗವಸು, ಅಂಚಿಗೆ ಬಂಗಾರದ ಲೇಸು. ಕೈಗೆ ಜೀವ ಬಂದ ಮೇಲೆ ಇವರು ಹೊಲಿದ ಮೊದಲ ಬಟ್ಟೆ. "ಅದಕ್ಕ ಹೊಲೀದ ಮತ್ತ ಯಾರಿಗೆ ಹೊಲೀಲಿ?" ಎಂದರು. ನಮ್ಮ ಖುಷಿಯಲ್ಲಿ ಗಾಳಿಯ ಪಾಠ ಯಾರಿಗೂ ನೆನಪಾಗಲಿಲ್ಲ.

ಅವತ್ತಿನಿಂದ ಲಾರಿ ನಡುದಾರಿಯಲ್ಲಿ ನಿಲ್ಲತೊಡಗಿತು. ಟಿವಿ ಕಪ್ಪಾಗುತ್ತಿತ್ತು. ಅತ್ತೆ ಡೀಸೆಲ್ ಮುಗಿದಿರಬೇಕು ಎಂದರು. ಕೊನೆಗೆ ಯಾದಗಿರಿಯಿಂದ ತಮ್ಮ ಬಂದ. ಗವಸಿನ ಮೇಲೆ ಕೈಯಿಟ್ಟವನು ಕಾದ ಹಂಚು ಮುಟ್ಟಿದವನಂತೆ ಹಿಂದೆಗೆದ.

"ಯಾರ ಮಾಡ್ಯಾರ ಈ ಕೆಲಸ? ಉಸಿರ ಕಟ್ಟಿ ಸಾಯಾಕತ್ತೈತಲ್ಲ ಇದು."

ಅವನ ಕಣ್ಣು ನಿಧಾನವಾಗಿ ಲೇಸಿನ ಅಂಚಿನ ಮೇಲೆ, ಹೊಲಿಗೆಯ ಮೇಲೆ ಹರಿಯಿತು. "ಮಾಮಾ, ನೀವು ಹೊಲದ್ರಿ?" ಇವರು ಬಲಗೈ ಎತ್ತಿ, ಮುಷ್ಟಿ ಕಟ್ಟಿ ಬಿಚ್ಚಿ ತೋರಿಸಿದರು. ನನ್ನ ತಮ್ಮ ಅಲ್ಲೇ ನೆಲಕ್ಕೆ ಕೂತು ಕಣ್ಣೊರೆಸಿಕೊಂಡ. ಆಮೇಲೆ, "ಹೊಲಿಗಿ ಭಾಳ ಚಲೋ ಐತಿ. ಆದ್ರ ತೆಗೀಬೇಕು" ಎಂದ.

"ತೆಗಿಯೂದ್ಯಾಕ? ಎಲ್ಲೆಲ್ಲಿ ಉಸಿರು ಬೇಕು, ಗುರ್ತು ಹಾಕು" ಎಂದು ಇವರು ಅವನ ಕೈಗೆ ಸೀಮೆಸುಣ್ಣ ಕೊಟ್ಟರು. ಅವನು ಮುಂದೆ, ಹಿಂದೆ, ವೈರು ಹೊರಬರುವ ಕಡೆ ಗುರುತು ಹಾಕಿದ. ಫ್ಯಾನಿನ ಜಾಗಕ್ಕೆ ಸೊಳ್ಳೆಪರದೆಯ ತುಂಡು ಬಂತು. ಉಳಿದ ಕಡೆ ಇವರು ಕತ್ತರಿಯಿಂದ ಸಣ್ಣ ಸೀಳು ಮಾಡಿ, ಡಾಕ್ಟರರ ಚೆಂಡಿಗೆ ಚುಚ್ಚಿಟ್ಟಿದ್ದ ಸೂಜಿ ತೆಗೆದುಕೊಂಡರು. ಕವರು ಬಿಚ್ಚಿದ ಮೇಲೆ ಆ ಚೆಂಡಿಗೆ ಸಿಕ್ಕ ಉದ್ಯೋಗ ಅದೊಂದೇ. ದಾರ ಪೋಣಿಸಿದ್ದೂ ಅವರೇ. ಪಡಸಾಲೆಯಲ್ಲಿ ಎಲ್ಲರೂ ಉಸಿರು ಬಿಗಿಹಿಡಿದು ಕೂತೆವು. ಸೂಜಿ ಜಾರಿತು, ಮತ್ತೆ ಹಿಡಿದರು. ಸೀಳಿನ ಸುತ್ತ ದಾರ ಒತ್ತೊತ್ತಾಗಿ ಬಂದು ಕೂಡಿಕೊಂಡಿತು. ಕಾಜ ಆಯಿತು.

ಆ ದಿನ ನಾನು ಯಾರ್ಯಾರನ್ನು ನೆನೆದೆನೋ. ಡಾಕ್ಟರನ್ನು, ತಮ್ಮನನ್ನು, ಜಂಪರ್ ಇಲ್ಲದೆ ಕಾದ ಹೆಂಗಸರನ್ನು, ಕುರಿ ಬಿಟ್ಟು ಬಂದ ಪುಣ್ಯಾತ್ಮನನ್ನು. ಅತ್ತೆಯಂತೂ ಹೋಗಿ ಊದುಬತ್ತಿ ತಂದರು. ಈ ಸಲ ನಾವೆಲ್ಲ ಸೇರಿ ಕಸಿದುಕೊಂಡೆವು.

ಗವಸು ತೊಡಿಸಿ, ಕಾಜಗಳಿಂದ ವೈರು ಹೊರಗೆಳೆದು ಆಟ ಹಚ್ಚಿದರೆ ಲಾರಿ ಎಲ್ಲೂ ನಿಲ್ಲಲಿಲ್ಲ. ತಮ್ಮ ಕೆಳಗೆ ಬಗ್ಗಿ ನೋಡುತ್ತಿದ್ದವನು ಗವಸಿನ ಅಂಚು ಮಗುಚಿದ. ಒಳಗೆ ಗೇಣುದ್ದ ಬಟ್ಟೆ ಮಡಚಿ ಹೊಲಿದಿತ್ತು.

"ಮಾಮಾ, ಇಷ್ಟ್ಯಾಕ ಬಟ್ಟಿ ಒಳಗ ಬಿಟ್ಟೀರಿ?"

ಇವರು ಲಾರಿಯಿಂದ ಕಣ್ಣು ತೆಗೆಯಲಿಲ್ಲ. "ಮುಂದ ದೊಡ್ಡದು ಮಾಡ್ತೀನಿ ಅಂದಿದ್ದಿ. ಬೆಳಿಯೂ ಕೂಸಿಗೆ ನಾ ಯಾವತ್ತೂ ಬರೋಬ್ಬರಿ ಅಳತಿಗೆ ಹೊಲಿಯಂಗಿಲ್ಲ."